ತಲೆಪೆಟ್ಟಿಗೆ ರೂಢಿಯ ಮದ್ದು

ತಲೆಗೆ ಬಲವಾದ ಪೆಟ್ಟು ಬಿದ್ದು ಪ್ರಜ್ಞೆ ಕುಂದಿದವನಿಗೆ ಸ್ಟೀರಾಯಿಡ್ ಚುಚ್ಚುವುದು ಹಲವು ದೇಶಗಳ ವೈದ್ಯರಲ್ಲಿ ಬಹುಕಾಲ ರೂಢಿಯಲ್ಲಿದ್ದಿತು. ಮಿದುಳಿನ ಬಾವು ಇಳಿದೀತೆಂಬುದು ಅವರ ನಂಬಿಕೆ. ತರ್ಕವೇನೋ ಸರಿಯಾಗಿಯೇ ಕಾಣುತ್ತಿದ್ದಿತು. ಏನೋ ಒಂದು ಮದ್ದು ಬಿದ್ದಿತಲ್ಲ ಎಂದು ಬಂಧುಗಳಿಗೂ ಸಮಾಧಾನ!

ಕೊನೆಗೆ ‘ಕ್ರ್ಯಾಶ್’ ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ 10,008 ಗಾಯಾಳುಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿದರು. ಒಂದಕ್ಕೆ ಸ್ಟೀರಾಯಿಡ್, ಇನ್ನೊಂದಕ್ಕೆ ಮದ್ದಿಲ್ಲದ ದ್ರಾವಣ. ಯಾರಿಗೆ ಯಾವುದೆಂದು ವೈದ್ಯರಿಗೂ ತಿಳಿಯದು. 2004ರಲ್ಲಿ ಫಲಿತಾಂಶ ಹೊರಬಿದ್ದಿತು. ಎರಡು ವಾರದೊಳಗೆ ಸ್ಟೀರಾಯಿಡ್ ಪಡೆದವರಲ್ಲಿ ನೂರಕ್ಕೆ 21 ಮಂದಿ ಸತ್ತಿದ್ದರು, ಪಡೆಯದವರಲ್ಲಿ 18. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು.

ಈಗ ತಿಳಿದ ವೈದ್ಯನು ತಲೆಪೆಟ್ಟಿಗೆಂದು ಆ ಸೂಜಿಯನ್ನು ಎತ್ತಿಕೊಳ್ಳುವುದಿಲ್ಲ. ಉಸಿರಾಟವನ್ನೂ ರಕ್ತದೊತ್ತಡವನ್ನೂ ಕಾಪಾಡಿಕೊಂಡು, ತಲೆಯ ಸಿ.ಟಿ. ಚಿತ್ರ ತೆಗೆಸುತ್ತಾನೆ.