ರಕ್ತದಲ್ಲಿ ಕ್ಯಾಲ್ಸಿಯಂ ಅಳೆಯುವವರಾರು?

ಹಲ್ಲು, ಮೂಳೆಗಳಿಗೆ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಬೇಕೆಂಬುದನ್ನು ನಾವೆಲ್ಲ ಬಲ್ಲೆವು. ರಕ್ತದಲ್ಲಿಯೂ ಅದು ಅಳತೆ ತಪ್ಪದೆ ಇರಬೇಕು: 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ತೀರ ಇಳಿದರೆ ಕೈಕಾಲು ಸೆಡೆಯುತ್ತವೆ. ಹೃದಯದ ಬಡಿತವೂ ಕೆಡಬಹುದು.

ನಮ್ಮ ಕೊರಳಿನಲ್ಲಿ, ಥೈರಾಯ್ಡ್ ಗ್ರಂಥಿಯ ಹಿಂದೆ, ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಅವುಗಳ ಜೀವಕೋಶಗಳ ಹೊರಮೈಯಲ್ಲಿರುವ ಒಂದು ಗ್ರಾಹಕ ಪ್ರೋಟೀನೇ ಈ ಅಳತೆಗಾರ. ವಿಜ್ಞಾನಿಗಳಿಗೆ ಇದು ಕೈಗೆ ಸಿಕ್ಕಿದ್ದು 1993ರಲ್ಲಿ. ಕ್ಯಾಲ್ಸಿಯಂ ಅಯಾನುಗಳು ಬಂದು ಅಂಟಿಕೊಂಡಾಗ ಇದರ ಆಕಾರ ಬದಲಾಗುತ್ತದೆ. ‘ಸಾಕು’ ಎಂಬ ಸೂಚನೆ ಕೋಶದೊಳಕ್ಕೆ ಹೋಗುತ್ತದೆ. ಗ್ರಂಥಿ ತನ್ನ ಹಾರ್ಮೋನನ್ನು ತಡೆಹಿಡಿಯುತ್ತದೆ. ಅಯಾನುಗಳು ಕಡಿಮೆಯಾದರೆ ಆ ತಡೆ ಸಡಿಲುತ್ತದೆ. ಹೊರಬಿದ್ದ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ತರಿಸುತ್ತದೆ.

ಆದ್ದರಿಂದಲೇ ಊಟದಲ್ಲಿ ರಾಗಿ, ಹಾಲುಗಳಂಥವು ಬಹುಕಾಲ ಸಾಲದೆ ಹೋದರೂ ರಕ್ತದ ಅಳತೆ ಸರಿಯಾಗಿಯೇ ಕಾಣಬಹುದು. ಮೂಳೆ ಮಾತ್ರ ಒಳಗೊಳಗೆ ಸವೆಯುತ್ತಿರುತ್ತದೆ.