ದುಡ್ಡು ಹುಟ್ಟುವ ಊರು, ದುಡ್ಡು ನಿಲ್ಲುವ ಊರು

ರಾಯಚೂರು ಜಿಲ್ಲೆಗೆ ಏನು ಕಡಿಮೆ? ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದಕ್ಕೆ ತುಂಗಭದ್ರೆ. ಹಟ್ಟಿಯಲ್ಲಿ ಚಿನ್ನ, ಶಕ್ತಿನಗರದಲ್ಲಿ ವಿದ್ಯುತ್ತು, ಸಿಂಧನೂರಿನಲ್ಲಿ ಭತ್ತ. ಆದರೂ ಸುಗ್ಗಿ ಮುಗಿದರೆ ದೇವದುರ್ಗದ ಕಡೆಯ ಸಂಸಾರಗಳು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುತ್ತವೆ. 2002ರ ಡಿ.ಎಂ. ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ರಾಯಚೂರೂ ಸೇರಿದ ಆಗಿನ ಗುಲ್ಬರ್ಗ ವಿಭಾಗದವೇ.

ಕರಾವಳಿಯಲ್ಲಿ ಅಗೆದರೆ ಸಿಗುವುದು ಮುರಕಲ್ಲು. ಆದರೆ ಅಲ್ಲಿನವರು ತಮ್ಮ ಉಳಿತಾಯವನ್ನು ತಾವೇ ಕಾಯುವ ವ್ಯವಸ್ಥೆಯನ್ನು ಬಲು ಬೇಗ ಕಟ್ಟಿಕೊಂಡರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಬ್ಯಾಂಕ್ ಸ್ಥಾಪಿಸಿದರು. 1925ರಲ್ಲಿ ಉಡುಪಿಯಲ್ಲೇ ನೇಕಾರರ ನೆರವಿಗೆಂದು ಹುಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಶುರುಮಾಡಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯನ್ನೂ ಜಮಾ ಮಾಡಿಕೊಳ್ಳುತ್ತಿದ್ದರು. ಬಡವರ ಚಿಲ್ಲರೆಯೂ ಬಂಡವಾಳವಾಯಿತು. ನನ್ನ ಮಟ್ಟಿಗೆ ಇದು ಯಾವ ಅಣೆಕಟ್ಟಿಗೂ ಕಡಿಮೆಯಲ್ಲದ ಕೆಲಸ.

ಅಡಿಕೆಯ ಕಥೆಯೂ ಹೀಗೆಯೇ. ಬೆಲೆ ಕುಸಿದು ಬೆಳೆಗಾರ ಕಂಗೆಟ್ಟಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿತು. ಮುಂದೆ ಕೋಕೋ ಕೊಳ್ಳುವವರೂ ಹಿಂದೆ ಸರಿದಾಗ ಅದನ್ನೂ ಖರೀದಿಸಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕಾರ್ಖಾನೆಯ ಒಡೆಯರು ಬೆಳೆಗಾರರೇ ಆದ್ದರಿಂದ ಲಾಭ ಊರು ಬಿಡಲಿಲ್ಲ.

ಈ ವ್ಯತ್ಯಾಸಕ್ಕೆ ಕರಾವಳಿಯವರ ಜಾಣತನ, ರಾಯಚೂರಿನವರ ಆಲಸ್ಯವೇ ಕಾರಣವೆಂದು ಹೇಳುವವರಿದ್ದಾರೆ. ಅದು ಅನ್ಯಾಯದ ಮಾತು. ಕರಾವಳಿಗೆ ಬಂದರಿತ್ತು, ಮಿಷನ್ ಶಾಲೆಗಳಿದ್ದವು, ಮುಂಬಯಿಯ ಹೋಟೆಲುಗಳಿಂದ, ಆಮೇಲೆ ಗಲ್ಫಿನಿಂದ ಮನಿಯಾರ್ಡರು ಬರುತ್ತಿತ್ತು. 1974ರ ಭೂಸುಧಾರಣೆ ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಿತು. ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಜಹಗೀರುಗಳ ಕಾಲ, ಉನ್ನತ ಶಿಕ್ಷಣ ಕನ್ನಡದ ಮಕ್ಕಳಿಗೆ ಉರ್ದುವಿನಲ್ಲಿ.

ಸಂವಿಧಾನದ 371(ಜೆ) ವಿಧಿಯಿಂದ ಇಂದು ರಾಯಚೂರೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಅನುದಾನ ಬರುತ್ತಿದೆ, ಕಟ್ಟಡ, ರಸ್ತೆಗಳು ಏಳುತ್ತಿವೆ. ಬೇಕು, ಆದರೆ ಸಾಲದು. ಹತ್ತಿ ಬೆಳೆದವನು ಸಾಲ ಕೊಟ್ಟ ದಲಾಲಿ ಅಂಗಡಿಗೇ ಮಾಲು ಹಾಕಬೇಕಾದ ಕಟ್ಟು ಮೊದಲು ಬಿಚ್ಚಬೇಕು. ಆ ಅನುದಾನದ ಒಂದು ಪಾಲು ರೈತರೇ ಒಡೆಯರಾದ ಜಿನ್ನಿಂಗ್ ಮಿಲ್ಲಿಗೆ, ತೊಗರಿಬೇಳೆ ಮಿಲ್ಲಿಗೆ, ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಉಳಿತಾಯವನ್ನು ಊರಲ್ಲೇ ಸಾಲವಾಗಿ ತಿರುಗಿಸುವ ಸಹಕಾರಿ ಬ್ಯಾಂಕಿಗೆ ಮೀಸಲಾಗಲಿ.