ಒಂದೇ ಬೂಟು, ಹಲವು ಹೊದಿಕೆ

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಉನ್ನತ ವ್ಯಾಸಂಗಕ್ಕೆಂದು ಕೆನಡಾಕ್ಕೆ ಹೋದಳು. ಹುಟ್ಟಿದಂದಿನಿಂದ ಕರಾವಳಿಯ ಸೆಕೆಯನ್ನಷ್ಟೇ ಬಲ್ಲ ಹುಡುಗಿ. ವರ್ಷವಿಡೀ ಚಪ್ಪಲಿಯಲ್ಲೇ ನಡೆದವಳು. ಬೂಟು ಎಂದರೆ ಅವಳಿಗೆ ಗೊತ್ತಿದ್ದುದು ಶಾಲೆಯ ಕಪ್ಪು ಬೂಟು ಮತ್ತು ತೋಟದ ಕೆಲಸದವರ ಗಂಬೂಟು ಮಾತ್ರ. ಮೊದಲ ಡಿಸೆಂಬರಿನಲ್ಲಿ ಅವಳ ಫೋನ್ ಬಂತು.

"ಟೀಚರ್, ಮೊಣಕಾಲೆತ್ತರದ ಬೂಟು ತೆಗೆದುಕೊಂಡೆ. ನೋಡಲು ತುಂಬಾ ಚಂದ. ಆದರೆ ಮೀನಖಂಡದ ಹತ್ತಿರ ಜಿಪ್ ಮೇಲೇರುವುದಿಲ್ಲ. ಬಲವಂತದಿಂದ ಏರಿಸಿದರೆ ಒಳಗೆ ದಪ್ಪ ಸಾಕ್ಸ್‌ಗೆ ಜಾಗವಿಲ್ಲ. ಬಸ್ಸಿಗೆ ಕಾಯುವಷ್ಟರಲ್ಲಿ ಬೆರಳುಗಳು ಮರಗಟ್ಟುತ್ತವೆ" ಎಂದಳು. ಶಿಕ್ಷಣ ಸಾಲದ ಹಣದಲ್ಲಿ ತಿಂಗಳ ಖರ್ಚಿಗೆಂದು ತೆಗೆದಿಟ್ಟಿದ್ದರ ದೊಡ್ಡ ಪಾಲು ಆ ಬೂಟಿಗೆ ಹೋಗಿತ್ತು. ಮನೆಯಲ್ಲಿ ಹೇಳಲು ಅವಳಿಗೆ ಧೈರ್ಯವಿರಲಿಲ್ಲ.

ಅವಳನ್ನು ಆ ಪೇಚಿನಿಂದ ಪಾರು ಮಾಡಿದ್ದು ಪಕ್ಕದ ಮನೆಯ ವೃದ್ಧೆ. "ಆ ಬೂಟನ್ನು ಅಂಗಡಿಗೆ ಹಿಂದಿರುಗಿಸು. ಮಣಿಗಂಟಿನವರೆಗೆ ಬರುವ ಒಂದು ಗಟ್ಟಿ ಬೂಟು ತೆಗೆದುಕೋ. ಅದರ ಮೇಲಿನ ಕಾಲಿಗೆ ಇದನ್ನು ಹಾಕು" ಎಂದು ಆಕೆ ಉಣ್ಣೆಯಲ್ಲಿ ಹೆಣೆದ ಒಂದು ಜೊತೆ ಲೆಗ್ ವಾರ್ಮರ್ ಕೊಟ್ಟರಂತೆ. ಕಡಿಮೆ ಬೆಲೆ, ಹೆಚ್ಚು ಬೆಚ್ಚಗೆ. ಜೊತೆಗೆ ಒಂದೇ ಬೂಟಿಗೆ ದಿನಕ್ಕೊಂದು ರೂಪ.

ಇಂದು ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ, ಪತಿಯ ಜೊತೆಗೆ ಚಳಿ ದೇಶಗಳಿಗೆ ಹೋಗುತ್ತಿದ್ದಾರೆ. ಅಲ್ಲಿಗೆ ಸೂಟ್‌ಕೇಸ್ ತುಂಬಿಸುವಾಗ ನಾವು ಉಪ್ಪಿನಕಾಯಿಯನ್ನು ಮರೆಯುವುದಿಲ್ಲ, ಕಾಲನ್ನು ಮರೆಯುತ್ತೇವೆ. ಆದ್ದರಿಂದ ಬೂಟು ಮತ್ತು ಲೆಗ್ ವಾರ್ಮರ್‌ಗಳ ಈ ಜೋಡಿಯ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ.

ನೃತ್ಯಶಾಲೆಯಿಂದ ಬೀದಿಗೆ

ಲೆಗ್ ವಾರ್ಮರ್ ಎಂದರೆ ಪಾದವಿಲ್ಲದ ಉದ್ದನೆಯ ಕಾಲುಚೀಲ. ಮಣಿಗಂಟಿನಿಂದ ಮೊಣಕಾಲಿನವರೆಗೆ ಕಾಲನ್ನು ಸುತ್ತುವ ಹೆಣಿಗೆಯ ಕೊಳವೆ. ಇದನ್ನು ಬಹುಕಾಲ ಬಳಸಿದವರು ಪಾಶ್ಚಾತ್ಯ ದೇಶಗಳ ಬ್ಯಾಲೆ ನೃತ್ಯಗಾರ್ತಿಯರು. ತಣ್ಣಗಾದ ಸ್ನಾಯು ಬಿಗಿದುಕೊಳ್ಳುತ್ತದೆ. ಬಿಗಿದ ಸ್ನಾಯುವನ್ನು ಥಟ್ಟನೆ ಎಳೆದರೆ ನೋವಾಗುತ್ತದೆ. ಅದಕ್ಕಾಗಿ ಅಭ್ಯಾಸದ ಸಮಯದಲ್ಲಿ ಅವರು ಕಾಲನ್ನು ಉಣ್ಣೆಯಲ್ಲಿ ಬೆಚ್ಚಗಿಡುತ್ತಿದ್ದರು. ಅಂದರೆ ಅದು ಹುಟ್ಟಿದ್ದು ಅಲಂಕಾರಕ್ಕಾಗಿ ಅಲ್ಲ, ಅಗತ್ಯಕ್ಕಾಗಿ.

1980ರ ದಶಕದ ಆರಂಭದಲ್ಲಿ ಅದು ಬೀದಿಗೆ ಬಂತು. ನ್ಯೂಯಾರ್ಕಿನ ಕಲಾಶಾಲೆಯೊಂದರ ವಿದ್ಯಾರ್ಥಿಗಳ ಕಥೆಯಿರುವ 'ಫೇಮ್' ಚಿತ್ರ 1980ರಲ್ಲಿ, 'ಫ್ಲ್ಯಾಶ್‌ಡ್ಯಾನ್ಸ್' 1983ರಲ್ಲಿ ತೆರೆಕಂಡವು. ಇವೆರಡರ ನಡುವೆ, 1982ರಲ್ಲಿ, ನಟಿ ಜೇನ್ ಫೋಂಡಾರ ವ್ಯಾಯಾಮದ ವೀಡಿಯೋ ಅಮೆರಿಕದ ಮನೆಮನೆಗೆ ಹೋಯಿತು. ಪರದೆಯಲ್ಲಿ ಕಂಡದ್ದನ್ನು ಕಾಲೇಜು ಹುಡುಗಿಯರು ತೊಡತೊಡಗಿದರು. ದಶಕ ಮುಗಿಯುವಷ್ಟರಲ್ಲಿ ಅದೇ ವಸ್ತು ನಗೆಪಾಟಲಾಯಿತು. ಮತ್ತೆ 2000ರ ದಶಕದಲ್ಲಿ ಮರಳಿತು, 2020ರ ದಶಕದಲ್ಲಿ ಇನ್ನೊಮ್ಮೆ. ಫ್ಯಾಷನ್ ಎಂಬುದು ಜಾತ್ರೆಯ ತೊಟ್ಟಿಲು. ಕೆಳಗಿಳಿದದ್ದು ಮೇಲೇರುತ್ತದೆ, ಮೇಲೇರಿದ್ದು ಕೆಳಗಿಳಿಯುತ್ತದೆ. ಬದಲಾಗದಿರುವುದು ಚಳಿ ಮಾತ್ರ.

ಬೂಟು ಎತ್ತರವಾದ ಬಗೆ

ಹತ್ತೊಂಬತ್ತನೇ ಶತಮಾನದ ಯೂರೋಪಿನ ಮಹಿಳೆಯರು ಬೂಟು ಧರಿಸುತ್ತಿದ್ದರೂ ಉದ್ದನೆಯ ಲಂಗದಡಿ ಅದು ಅಷ್ಟಾಗಿ ಕಾಣುತ್ತಿರಲಿಲ್ಲ. ಸಾಲಾಗಿ ಗುಂಡಿಗಳಿದ್ದ ಆ ಬೂಟು ತೊಡಲು ಕೊಕ್ಕೆಯಂತಹ ಒಂದು ಸಲಕರಣೆಯೇ ಬೇಕಿತ್ತು. 1837ರಲ್ಲಿ ಜೋಸೆಫ್ ಸ್ಪಾರ್ಕ್ಸ್ ಹಾಲ್ ಎಂಬ ಲಂಡನ್ನಿನ ಬೂಟು ತಯಾರಕ ಎರಡೂ ಬದಿಗೆ ಹಿಗ್ಗುವ ಪಟ್ಟಿಯಿದ್ದ ಬೂಟನ್ನು ವಿಕ್ಟೋರಿಯಾ ರಾಣಿಗಾಗಿ ಮಾಡಿದರು. ಗುಂಡಿ, ದಾರಗಳ ಗೋಜಿಲ್ಲದೆ ಕಾಲು ಒಳಗೆ ಜಾರುವಂತಾಯಿತು. 1923ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪೆನಿಯು ಎಳೆದು ಮುಚ್ಚುವ ಲೋಹದ ಹಲ್ಲಿನ ಪಟ್ಟಿಯಿದ್ದ ರಬ್ಬರ್ ಬೂಟನ್ನು 'ಜಿಪ್ಪರ್' ಎಂಬ ಹೆಸರಿನಲ್ಲಿ ಮಾರಿತು. ಇಂದು ನಮ್ಮ ಬ್ಯಾಗು, ಜಾಕೆಟುಗಳಲ್ಲಿರುವ ಜಿಪ್‌ಗೆ ಆ ಹೆಸರು ಬಂದದ್ದು ಒಂದು ಬೂಟಿನಿಂದ ಎಂಬುದು ಹಲವರಿಗೆ ಗೊತ್ತಿಲ್ಲ.

ಕಾಲ ಸರಿದಂತೆ ಲಂಗ ಗಿಡ್ಡವಾಯಿತು. ಬಟ್ಟೆ ಬಿಟ್ಟುಕೊಟ್ಟ ಜಾಗವನ್ನು ಬೂಟು ಆಕ್ರಮಿಸಿತು. 1964ರಲ್ಲಿ ಫ್ರಾನ್ಸಿನ ವಿನ್ಯಾಸಕಾರ ಆಂದ್ರೆ ಕುರೇಜ್ ಅವರ ಬಿಳಿ ಬೂಟುಗಳು ಹೆಸರು ಮಾಡಿದ ಮೇಲೆ ಮಹಿಳೆಯರ ಬೂಟು ಕೇವಲ ಮಳೆ-ಹಿಮದ ವಸ್ತುವಾಗಿ ಉಳಿಯಲಿಲ್ಲ. ಆದರೆ ಎತ್ತರ ಹೆಚ್ಚಿದಂತೆ ಎರಡು ತೊಂದರೆಗಳೂ ಬಂದವು. ಒಂದು, ಬೆಲೆ. ಇನ್ನೊಂದು, ಮೀನಖಂಡ. ಪಾದಕ್ಕೆ ಅಳತೆಯ ಸಂಖ್ಯೆಯಿದೆ. ಮೀನಖಂಡದ ಸುತ್ತಳತೆಯನ್ನು ಮಾತ್ರ ಹೆಚ್ಚಿನ ಕಂಪೆನಿಗಳು ತಾವೇ ಊಹಿಸಿಕೊಂಡು ಹೊಲಿಯುತ್ತವೆ. ಒಂದೇ ಅಳತೆಯ ಪಾದವಿರುವ ಇಬ್ಬರ ಮೀನಖಂಡ ಒಂದೇ ರೀತಿ ಇರುವುದಿಲ್ಲ. ಚರ್ಮ ಹಿಗ್ಗುವುದಿಲ್ಲ, ಹೆಣಿಗೆ ಹಿಗ್ಗುತ್ತದೆ. ಬೂಟು ಮತ್ತು ಲೆಗ್ ವಾರ್ಮರ್ ಒಂದಾಗುವುದರ ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ.

ಎರಡು ಪದರದ ಹಳೆಯ ಜಾಣ್ಮೆ

ಇದೇನೂ ಫ್ಯಾಷನ್ ಲೋಕದ ಹೊಸ ಸಂಶೋಧನೆಯಲ್ಲ. ಚಳಿಯೊಂದಿಗೆ ಬಾಳಿದ ಜನಾಂಗಗಳು ಪಾದಕ್ಕೊಂದು, ಕಾಲಿಗೊಂದು ಅಥವಾ ಒಳಗೊಂದು, ಹೊರಗೊಂದು ಎಂಬ ಲೆಕ್ಕವನ್ನು ಮೊದಲೇ ಕಂಡುಕೊಂಡಿದ್ದವು. ಉತ್ತರ ಧ್ರುವ ಪ್ರದೇಶದ ಇನ್ಯುಯಿಟ್ ಜನರ 'ಕಾಮಿಕ್' ಸೀಲ್ ಪ್ರಾಣಿಯ ಚರ್ಮದ ಬೂಟು. ಅದರೊಳಗೆ ಪ್ರತ್ಯೇಕವಾದ ಬೆಚ್ಚನೆಯ ಒಳಚೀಲ. ರಷ್ಯಾದ 'ವಾಲೆಂಕಿ' ಕುರಿಯ ಉಣ್ಣೆಯನ್ನು ಒತ್ತಿ ಮಾಡಿದ ಬೂಟು. ಒಣ ಹಿಮದಲ್ಲಿ ಅದಕ್ಕೆ ಸಾಟಿಯಿಲ್ಲ. ಹಿಮ ಕರಗಿ ನೀರಾದಾಗ ಮಾತ್ರ ನೆನೆಯುತ್ತದೆ. ಆಗ ಮೇಲೊಂದು ರಬ್ಬರಿನ ಹೊರಬೂಟು ಏರಿಸುತ್ತಾರೆ. ನಮ್ಮದೇ ಲಡಾಖಿನ 'ಪಾಪು' ಎಂಬ ಬೂಟಿನಲ್ಲಿ ಅಡಿಭಾಗ ಚರ್ಮದ್ದು, ಕಾಲನ್ನು ಸುತ್ತುವ ಮೇಲ್ಭಾಗ ಉಣ್ಣೆಯದ್ದು. ಚರ್ಮ ನೆಲಕ್ಕೆ, ಉಣ್ಣೆ ಕಾಲಿಗೆ. ಇಂದಿನ ಹೆಣಿಗೆ ಬೂಟಿನ ಲೆಕ್ಕವೂ ಇದೇ.

ಉಜ್ಬೆಕಿಸ್ತಾನ, ತಾಜಿಕಿಸ್ತಾನಗಳ ಕಡೆ 'ಮಹ್ಸಿ' ಎಂಬ ಮೆದು ಅಡಿಯ ಚರ್ಮದ ಬೂಟು ಇದೆ. ಗಂಡಸರೂ ಹೆಂಗಸರೂ ಧರಿಸುತ್ತಾರೆ. ಹೊರಗೆ ಹೋಗುವಾಗ ಅದರ ಮೇಲೊಂದು ಗಟ್ಟಿ ಪಾದರಕ್ಷೆ ತೊಡುತ್ತಾರೆ. ಮನೆಯ ಅಥವಾ ಮಸೀದಿಯ ಬಾಗಿಲಲ್ಲಿ ಹೊರಗಿನದನ್ನು ಕಳಚುತ್ತಾರೆ, ಒಳಗಿನದು ಕಾಲಲ್ಲೇ ಇರುತ್ತದೆ. ವುಝೂ ಮಾಡಿ ಧರಿಸಿದ ಚರ್ಮದ ಖುಫ್ಫ್‌ನ ಮೇಲೆ ಒದ್ದೆ ಕೈಯಿಂದ ಸವರಲು ಊರಲ್ಲಿರುವವರಿಗೆ ಒಂದು ದಿನ-ರಾತ್ರಿ, ಪ್ರಯಾಣಿಕರಿಗೆ ಮೂರು ದಿನ-ರಾತ್ರಿಗಳ ಅನುಮತಿ ಇರುವುದರಿಂದ ಕೊರೆಯುವ ಚಳಿಯ ಆ ನಾಡಿನಲ್ಲಿ ಈ ಜೋಡಿ ಬಹಳ ಅನುಕೂಲವಾಯಿತು. ಪಾದವನ್ನು ಮುಚ್ಚದ ಲೆಗ್ ವಾರ್ಮರ್‌ಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ ಎಂಬುದನ್ನು ಹೆಣ್ಣುಮಕ್ಕಳು ನೆನಪಿಟ್ಟುಕೊಳ್ಳಬೇಕು.

ಅಂಗಡಿಯಲ್ಲಿ ಸಿಗುವ ಮೂರು ಬಗೆ

ಇಂದಿನ ಮಾರುಕಟ್ಟೆಯಲ್ಲಿ ಈ ಜೋಡಿ ಮೂರು ರೀತಿಯಲ್ಲಿ ಕಾಣುತ್ತದೆ.

ಮೊದಲನೆಯದು, ಬೂಟಿಗೇ ಹೆಣಿಗೆಯನ್ನು ಹೊಲಿದು ಸೇರಿಸಿದ್ದು. ಆಸ್ಟ್ರೇಲಿಯಾದ ಕುರಿಚರ್ಮದ ಬೂಟುಗಳನ್ನು 1978ರಿಂದ ಅಮೆರಿಕದಲ್ಲಿ ಮಾರಿ ಬೆಳೆದ 'ಅಗ್' ಕಂಪೆನಿ 2000ರ ದಶಕದಲ್ಲಿ 'ಕಾರ್ಡಿ' ಎಂಬ ಬೂಟನ್ನು ತಂದಿತು. ಕೆಳಗೆ ಬೂಟು, ಮೇಲೆ ಸ್ವೆಟರಿನಂತಹ ಹೆಣಿಗೆ, ಬದಿಯಲ್ಲಿ ಮೂರು ದೊಡ್ಡ ಗುಂಡಿ. ಗುಂಡಿ ಹಾಕಿದರೆ ಎತ್ತರದ ಬೂಟು, ಬಿಚ್ಚಿ ಮಡಚಿದರೆ ಗಿಡ್ಡ ಬೂಟು. ನೋಡಲು ಸೊಗಸು. ಆದರೆ ಹೆಣಿಗೆ ಕೊಳೆಯಾದರೆ ಬಿಚ್ಚಿ ತೊಳೆಯುವಂತಿಲ್ಲ. ಎಳೆ ಹರಿದರೆ ಇಡೀ ಬೂಟೇ ಮೂಲೆ ಸೇರುತ್ತದೆ.

ಎರಡನೆಯದು, ಬೂಟಿನ ಅಂಚಿಗೆ ಗುಂಡಿ, ಜಿಪ್ ಅಥವಾ ವೆಲ್ಕ್ರೋ ಪಟ್ಟಿಯಿಂದ ಸೇರಿಸಿ, ಬೇಡವಾದಾಗ ಕಳಚಬಹುದಾದದ್ದು. ಹೆಣಿಗೆ ಜಾರುವುದಿಲ್ಲ, ತೊಳೆಯಲೂ ಬರುತ್ತದೆ. ಬಣ್ಣ ಬದಲಿಸಬೇಕೆನಿಸಿದರೆ ಹೊದಿಕೆಯನ್ನಷ್ಟೇ ಬದಲಿಸಿದರೆ ಸಾಕು. ಆದರೆ ಆ ಹೊದಿಕೆ ಆ ಕಂಪೆನಿಯ ಬೂಟಿಗೆ ಮಾತ್ರ ಹೊಂದುವಂತಿದ್ದರೆ ಮುಂದಿನ ವರ್ಷ ಅದು ಸಿಗುತ್ತದೆಂಬ ಭರವಸೆ ಇಲ್ಲ.

ಮೂರನೆಯದು, ಎರಡನ್ನೂ ಬೇರೆ ಬೇರೆಯಾಗಿ ಕೊಂಡು ಜೊತೆಗೆ ತೊಡುವುದು. ಲೆಗ್ ವಾರ್ಮರನ್ನು ಬೂಟಿನೊಳಗೆ ತೂರಿಸಬಹುದು, ಬೂಟಿನ ಮೇಲೆ ನೆರಿಗೆಯಾಗಿ ಇಳಿಬಿಡಬಹುದು, ಅಂಚನ್ನು ಹೊರಗೆ ಮಡಚಬಹುದು. 2010ರ ದಶಕದಲ್ಲಿ ಬೂಟಿನ ಬಾಯಿಗೆ ಮಾತ್ರ ಇಣುಕುವ ಗೇಣುದ್ದದ ಹೆಣಿಗೆ ಪಟ್ಟಿಗಳು ಅಮೆರಿಕದಲ್ಲಿ ಜನಪ್ರಿಯವಾದವು. ಸ್ವಲ್ಪ ಹೆಣಿಗೆ ಬಲ್ಲವರು ಎರಡು ಸಂಜೆಯಲ್ಲಿ ಅದನ್ನು ಮುಗಿಸಬಲ್ಲರು. ನನ್ನ ವಿದ್ಯಾರ್ಥಿನಿ ಆರಿಸಿಕೊಂಡದ್ದು ಈ ಮೂರನೆಯ ದಾರಿ. ಸಾಲ ತೀರಿಸಬೇಕಾದವರಿಗೆ ಇದೇ ಒಳ್ಳೆಯದು.

ಬಿಗಿಯೇ ಚಳಿಯ ಗೆಳೆಯ

ಬಿಗಿಯಾಗಿ ಸುತ್ತಿದಷ್ಟೂ ಬೆಚ್ಚಗಿರುತ್ತದೆ ಎಂಬುದು ಹಲವರ ಭಾವನೆ. ಅದು ತಪ್ಪು. ಕಾಲನ್ನು ಬೆಚ್ಚಗಿಡುವುದು ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮತ್ತು ಒಳಗೆ ಹರಿಯುವ ಬಿಸಿ ರಕ್ತ. ಬಿಗಿ ಮಾಡಿದರೆ ಎರಡೂ ಕಡಿಮೆಯಾಗುತ್ತವೆ.

ಇತಿಹಾಸದಲ್ಲೂ ಇದಕ್ಕೊಂದು ಕಹಿ ಪಾಠವಿದೆ. ಕಾಲಿಗೆ ಸುತ್ತುವ ಬಟ್ಟೆಯ ಪಟ್ಟಿಯನ್ನು ಬ್ರಿಟಿಷರು ಕಲಿತದ್ದು ಭಾರತದಲ್ಲಿ. ನಮ್ಮ 'ಪಟ್ಟಿ' ಎಂಬ ಪದವೇ ಅವರ ಭಾಷೆಯಲ್ಲಿ 'ಪಟೀ' ಆಯಿತು. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಕೆಸರು ತುಂಬಿದ ಕಂದಕಗಳಲ್ಲಿ ದಿನಗಟ್ಟಲೆ ನಿಂತ ಸಾವಿರಾರು ಸೈನಿಕರ ಪಾದಗಳು ಊದಿ, ಕೊಳೆತು ಹೋದವು. ಒದ್ದೆ ಮತ್ತು ಚಳಿಯ ಜೊತೆಗೆ ಬಿಗಿಯಾದ ಬೂಟು, ಬಿಗಿಯಾದ ಪಟ್ಟಿಗಳೂ ರಕ್ತಸಂಚಾರಕ್ಕೆ ಅಡ್ಡಿಯಾಗಿದ್ದವು. ಬೂಟು, ಪಟ್ಟಿಗಳನ್ನು ಸಡಿಲಿಸಿ, ಒಣ ಕಾಲುಚೀಲ ಧರಿಸಿ ಎಂದು ಸೈನ್ಯವೇ ಆಜ್ಞೆ ಹೊರಡಿಸಬೇಕಾಯಿತು.

ಇಂದಿನ ಹುಡುಗಿ ಕಂದಕದಲ್ಲಿ ನಿಲ್ಲುವುದಿಲ್ಲ, ನಿಜ. ಆದರೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಬಸ್ಸಿಗೆ ಕಾಯುತ್ತಾಳೆ. ಬೆರಳುಗಳು ಜುಮ್ಮೆನ್ನುವುದು, ಸ್ಪರ್ಶ ತಿಳಿಯದಂತಾಗುವುದು, ಬಿಳಿಚಿಕೊಳ್ಳುವುದು ಅಪಾಯದ ಸೂಚನೆ. ಆಗ ಕೂಡಲೇ ಒಳಗೆ ಹೋಗಬೇಕು, ಪಾದವನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಸ್ಪರ್ಶ ಮರಳದಿದ್ದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಮಧುಮೇಹ ಇರುವವರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಅವರ ಪಾದಕ್ಕೆ ನೋವು ತಿಳಿಯುವುದೇ ತಡವಾಗಿ.

ಕೊಳ್ಳುವಾಗ, ತೊಡುವಾಗ

ಬೂಟನ್ನು ಸಂಜೆಯ ಹೊತ್ತು, ಚಳಿಗಾಲದ ದಪ್ಪ ಸಾಕ್ಸ್ ಧರಿಸಿಯೇ ಅಳತೆ ನೋಡಿ. ಒಳಗೆ ಬೆರಳುಗಳು ಸುಲಭವಾಗಿ ಆಡಬೇಕು. ಹಿಮದಲ್ಲಿ ನಡೆಯುವವರು ಹಿಮ್ಮಡಿಯ ಎತ್ತರಕ್ಕಿಂತ ಅಡಿಭಾಗದ ಗೀರುಗಳನ್ನು ನೋಡಬೇಕು. ನುಣುಪಾದ ಅಡಿ ಮಂಜುಗಡ್ಡೆಯ ಮೇಲೆ ಜಾರುತ್ತದೆ.

ಲೆಗ್ ವಾರ್ಮರ್ ಉಣ್ಣೆಯದ್ದಾಗಿರಲಿ, ಅಥವಾ ಉಣ್ಣೆಯ ಪಾಲು ಹೆಚ್ಚಿರಲಿ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಹತ್ತಿ ಒದ್ದೆಯಾದರೆ ಕಾಲನ್ನು ತಣ್ಣಗಾಗಿಸುತ್ತದೆ. ಅಕ್ರಿಲಿಕ್ ಅಗ್ಗ, ತೊಳೆಯಲು ಸುಲಭ, ಆದರೆ ಬೇಗ ಜುಂಗು ಏಳುತ್ತದೆ.

ಹಸಿ ಹಿಮ ಬೀಳುವ ದಿನ ಹೆಣಿಗೆಯನ್ನು ಬೂಟಿನ ಹೊರಗೆ ಇಳಿಬಿಡಬೇಡಿ. ಅದು ನೀರು ಕುಡಿದು ಭಾರವಾಗುತ್ತದೆ, ಬೂಟಿನೊಳಕ್ಕೂ ನೀರನ್ನು ಇಳಿಸುತ್ತದೆ. ಅಂತಹ ದಿನ ಅದು ಒಳಗಿರಲಿ, ಒಣ ದಿನ ಹೊರಗೆ ಬರಲಿ. ಆ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪಿನಿಂದ ಚರ್ಮದ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಹೋಗುತ್ತದೆ. ಒದ್ದೆ ಬೂಟನ್ನು ಹೀಟರ್ ಮುಂದೆ ಇಟ್ಟರೆ ಚರ್ಮ ಬಿರಿಯುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸುವುದೇ ಸರಿ.

ಚರ್ಮದ ಹಿಂದಿನ ನದಿ

ಈ ಬೂಟುಗಳ ಚರ್ಮ ಎಲ್ಲೋ ದೂರದ್ದೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ದಾರಿಯಲ್ಲಿ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳು ಸಿಗುತ್ತವೆ. ಆಂಬೂರು ಎಂದರೆ ನಮಗೆ ಬಿರಿಯಾನಿ ನೆನಪಾಗುತ್ತದೆ. ಯೂರೋಪಿನ ವ್ಯಾಪಾರಿಗೆ ನೆನಪಾಗುವುದು ಚರ್ಮ ಮತ್ತು ಪಾದರಕ್ಷೆ. ಅಲ್ಲಿ ಮುಸ್ಲಿಮ್ ಕುಟುಂಬಗಳು ತಲೆಮಾರುಗಳಿಂದ ಚರ್ಮ ಹದ ಮಾಡುವ ಉದ್ಯಮ ನಡೆಸಿವೆ. ಪಾದರಕ್ಷೆ ಕಾರ್ಖಾನೆಗಳ ಹೊಲಿಗೆ ಯಂತ್ರಗಳ ಮುಂದೆ ಸಾವಿರಾರು ಮಹಿಳೆಯರು ದುಡಿಯುತ್ತಾರೆ. ಅವರ ಮನೆಯ ಒಲೆ ಉರಿಯುವುದು ಇದರಿಂದಲೇ.

ಅದರ ಬೆಲೆಯನ್ನು ಪಾಲಾರ್ ನದಿಯೂ ತೆತ್ತಿದೆ. ಚರ್ಮ ಹದ ಮಾಡುವ ಘಟಕಗಳ ಕೊಳಚೆ ನೀರಿನಿಂದ ನದಿ, ಬಾವಿ, ಹೊಲಗಳು ಕೆಟ್ಟವೆಂದು ವೆಲ್ಲೂರಿನ ನಾಗರಿಕರು ನ್ಯಾಯಾಲಯಕ್ಕೆ ಹೋದರು. 1996ರಲ್ಲಿ ಸುಪ್ರೀಮ್ ಕೋರ್ಟ್, ಮಲಿನಗೊಳಿಸಿದವನೇ ಅದರ ವೆಚ್ಚ ಭರಿಸಬೇಕೆಂದು ಮಹತ್ವದ ತೀರ್ಪು ನೀಡಿತು.

ಆದ್ದರಿಂದ ಪ್ರತಿ ವರ್ಷ ಹೊಸ ನಮೂನೆಯ ಎತ್ತರದ ಬೂಟು ಕೊಳ್ಳುವುದು ಕೇವಲ ಕಿಸೆಯ ಪ್ರಶ್ನೆಯಲ್ಲ. ಮಣಿಗಂಟಿನೆತ್ತರದ ಬೂಟಿಗೆ ಬೇಕಾದ ಚರ್ಮ ಮೊಣಕಾಲೆತ್ತರದ್ದಕ್ಕಿಂತ ಎಷ್ಟೋ ಕಡಿಮೆ. ಉಳಿದ ಎತ್ತರವನ್ನು ಉಣ್ಣೆ ತುಂಬಿಸಲಿ. ಹೊಸತನ ಬೇಕೆಂಬ ಆಸೆ ತಪ್ಪಲ್ಲ. ಚೆನ್ನಾಗಿ ಕಾಣಬೇಕೆಂಬುದೂ ತಪ್ಪಲ್ಲ. ಆ ಆಸೆಯನ್ನು ಒಂದು ಜೊತೆ ಹೆಣಿಗೆಯಲ್ಲಿ ತೀರಿಸಿಕೊಳ್ಳಬಹುದಾದರೆ ಒಂದು ಜೊತೆ ಬೂಟನ್ನು ಏಕೆ ಎಸೆಯಬೇಕು?

ನನ್ನ ವಿದ್ಯಾರ್ಥಿನಿ ಅದೇ ಬೂಟಿನಲ್ಲಿ ನಾಲ್ಕು ಚಳಿಗಾಲ ಕಳೆದಳು. ಮಧ್ಯೆ ಒಮ್ಮೆ ಅಡಿಭಾಗ ಹಾಕಿಸಿದಳಷ್ಟೆ. ಮೇಲಿನ ಹೊದಿಕೆ ಮಾತ್ರ ಬೂದು, ಕೆಂಪು, ಹಸಿರು ಎಂದು ಬದಲಾಗುತ್ತಿತ್ತು. ಆ ವೃದ್ಧೆಯಿಂದ ಹೆಣಿಗೆಯನ್ನೂ ಕಲಿತಳು. ಕಳೆದ ಬಾರಿ ಊರಿಗೆ ಬಂದಾಗ ಬ್ಯಾಗಿನಲ್ಲಿ ಅರ್ಧ ಹೆಣೆದ ಒಂದು ಜೊತೆ ಇತ್ತು. "ಯಾರಿಗೆ?" ಎಂದು ಕೇಳಿದೆ.

"ಈ ವರ್ಷ ನಮ್ಮ ಕಡೆಯ ಹುಡುಗಿಯೊಬ್ಬಳು ಅಲ್ಲಿಗೆ ಬರುತ್ತಿದ್ದಾಳೆ ಟೀಚರ್. ಅವಳು ಬೂಟು ಕೊಳ್ಳುವ ಮೊದಲೇ ಕೊಡಬೇಕು" ಎಂದಳು.